11 ಸಾವಿರ ಫೋಟೋ ಇದೆ, ಕೆರೆ ಮಾತ್ರ ಎಲ್ಲೂ ಕಾಣ್ತಿಲ್ಲ

ಪ್ರಶ್ನೆ: ನಾನು ರಿಟೈರ್ಡ್ ಹೈಸ್ಕೂಲ್ ಟೀಚರ್. ಸಕಲೇಶಪುರ ಕಡೆ ನಮ್ಮೂರಿಗೆ ವಾಪಸ್ ಬಂದು ಒಂದೂವರೆ ವರ್ಷ ಆಯ್ತು. ಮನೆ ಎದುರಿಗೆ ಕೆರೆ, ಏರಿ ಮೇಲೆ ನಮ್ಮ ತಾತನ ಕಾಲದ ಅತ್ತಿ ಮರ. ರಿಟೈರ್ ಆದಾಗ ತಗೊಂಡ ಕ್ಯಾಮೆರಾದಲ್ಲಿ (18-55 ಲೆನ್ಸ್) ದಿನಾ ಬೆಳಿಗ್ಗೆ ಫೋಟೋ ತೆಗೀತೀನಿ. ಸೂರ್ಯೋದಯ, ಮಂಜು, ಹಕ್ಕಿ, ಹೂವು ಎಲ್ಲಾ ಸೇರಿ 11 ಸಾವಿರ ಆಗಿದೆ. ಈಗ ಏರಿ ಪಕ್ಕದ ರಸ್ತೆ ಅಗಲ ಮಾಡ್ತಾರಂತೆ, ಅತ್ತಿ ಮರ ಹೋದ್ರೂ ಹೋಗ್ಬಹುದು ಅಂತ ಸುದ್ದಿ. ಇದಕ್ಕೆಲ್ಲ ನಾನೊಬ್ಬಳಾದ್ರೂ ಸಾಕ್ಷಿ ಆಗಿರ್ಬೇಕು ಅನ್ಸುತ್ತೆ. ಆದ್ರೆ ಕೂತ್ಕೊಂಡು ನೋಡಿದ್ರೆ ಇಷ್ಟು ಫೋಟೋದಲ್ಲಿ ಏನೂ ಸಿಗ್ತಿಲ್ಲ. ಮಗ 150-600 ಲೆನ್ಸ್ ಕೊಡಿಸ್ತೀನಿ ಅಂತಿದಾನೆ. ತಗೊಳ್ಳಲಾ? ನಾನು ಎಲ್ಲಿ ತಪ್ಪುತಿದೀನಿ?

ಉತ್ತರ:

ಮೇಡಂ ನಮಸ್ಕಾರ. ಲೆನ್ಸ್ ವಿಷ್ಯ ಮೊದ್ಲು ಮುಗಿಸಿಬಿಡ್ತೀನಿ. ಹಕ್ಕಿ ಫೋಟೋ ನಿಮಗೆ ಇಷ್ಟ, ಮಗನಿಗೆ ಕೊಡ್ಸೋ ಆಸೆ, ಹಂಗಾದ್ರೆ ತಗೊಳ್ಳಿ, ಬೇಡ ಅನ್ನೋಕೆ ನಾನ್ಯಾರು. ಆದ್ರೆ ನೀವು ಕೇಳಿದ ಕೆಲಸಕ್ಕೆ ಅದು ಬೇಕಾಗಿಲ್ಲ, ಇನ್ನೂ ಹೇಳ್ಬೇಕಂದ್ರೆ ಅಡ್ಡ ಬರುತ್ತೆ. ಸುಮಾರು 2 ಕೆಜಿ ತೂಕ, ಏರಿ ಮೇಲೆ ದಿನಾ ಹೊತ್ಕೊಂಡು ಹೋಗೋದೇ ಒಂದು ಶಿಕ್ಷೆ, ಮತ್ತೆ ಅದರ ಗುಣವೇ ಸುತ್ತಮುತ್ತ ಇರೋದನ್ನೆಲ್ಲ ಬಿಟ್ಟು ಒಂದೇ ಒಂದು ಹಕ್ಕೀನ ಎತ್ತಿ ತೋರ್ಸೋದು. ನಿಮಗೆ ಬೇಕಿರೋದು ಆ ಸುತ್ತಮುತ್ತನೇ. ನಿಮ್ಮ ಹತ್ರ ಇರೋ 18-55 ಧಾರಾಳ ಸಾಕು.

ನೀವು ಕಳಿಸಿದ 40 ಫೋಟೋನೂ ನೋಡ್ದೆ. ಮಂಜಿನದ್ದು, ಆ ಮಿಂಚುಳ್ಳಿದು, ಬಹಳ ಚೆನ್ನಾಗಿದೆ, ಮುಖಸ್ತುತಿ ಅಲ್ಲ. ಆದ್ರೆ 40 ಫೋಟೋನ 40 ಜಾಗದಲ್ಲಿ ನಿಂತು ತೆಗ್ದಿದೀರ. ಒಂದಿನ ಏರಿ ಮೇಲಿಂದ, ಒಂದಿನ ಕೋಡಿ ಹತ್ರದಿಂದ, ಒಂದಿನ ಮನೆ ಟೆರೇಸಿಂದ, ಬೆಳಕು ಎಲ್ಲಿ ಚೆನ್ನಾಗಿ ಕಾಣ್ತೋ ಅಲ್ಲಿಗೆ ಓಡಿದೀರ. ಫೋಟೋಗ್ರಫಿ ಕಲಿಸೋರೆಲ್ಲ ಹೇಳೋದೂ ಅದೇ ಅಲ್ವಾ, ಆಂಗಲ್ ಬದಲಾಯ್ಸಿ, ಬಗ್ಗಿ, ಮಲಗಿ ತೆಗೀರಿ ಅಂತ. ಅದೆಲ್ಲ ಒಂದೊಂದು ಫೋಟೋ ಚೆನ್ನಾಗಿ ಬರ್ಲಿ ಅಂತ. ಈ ಕೆಲಸದಲ್ಲಿ ಒಂದು ಫೋಟೋಗೆ ಬೆಲೆನೇ ಇಲ್ಲ, ಮುಂದಿನದ್ದು ಅದರ ಪಕ್ಕ ಬಂದು ಕೂತಾಗಲೇ ಬೆಲೆ. ಜಾಗ ಬೇರೆ, ದೂರ ಬೇರೆ, ಲೆನ್ಸ್ ಬೇರೆ ಆಗಿಬಿಟ್ರೆ ಕೆರೆ ನೀರು ಇಳಿದಿದ್ಯೋ ನೀವು ಎರಡು ಹೆಜ್ಜೆ ಮೇಲೆ ಹತ್ತಿದ್ರೋ ಯಾರಿಗ್ ಗೊತ್ತಾಗುತ್ತೆ? ಬದಲಾಗಿದ್ದು ಕಾಣ್ಬೇಕಂದ್ರೆ ಏನೋ ಒಂದು ಬದಲಾಗ್ದೇ ಇರ್ಬೇಕು, ಅದು ನೀವು ನಿಲ್ಲೋ ಜಾಗ.

ಇದು ನನಗೂ ತಡವಾಗೇ ಗೊತ್ತಾಗಿದ್ದು. ನಮ್ಮದು ಸಾಗರದ ಕಡೆ. ಮನೆ ಹಿಂದೆ ಗದ್ದೆ ದಾಟಿದ್ರೆ ಒಂದು ದೊಡ್ಡ ಬೂರುಗದ ಮರ (ನಮ್ಮಲ್ಲಿ ಬೂರಲ ಮರ ಅಂತೀವಿ). 2011ರ ಜನವರಿಯಲ್ಲಿ ಎಲೆ ಎಲ್ಲಾ ಉದುರಿ ಕೆಂಪು ಹೂ ತುಂಬ್ಕೊಂಡಿತ್ತು, ಮೈನಾ ಕಾಜಾಣ ಎಲ್ಲಾ ಜಾತ್ರೆ ನಡೆಸ್ತಿದ್ವು, ಚೆಂದ ಕಾಣ್ತು ಅಂತ ಬಾವಿಕಟ್ಟೆ ಮೇಲೆ ಕ್ಯಾಮೆರಾ ಇಟ್ಟು ಒಂದು ಫೋಟೋ ತೆಗ್ದೆ. ಏಪ್ರಿಲ್‌ನಲ್ಲಿ ಕಾಯಿ ಒಡೆದು ಹತ್ತಿ ಹಾರೋವಾಗ ಅದೇ ಕಟ್ಟೆಯಿಂದ ಇನ್ನೊಂದು. ಆಮೇಲೆ ಚಟ ಆಯ್ತು. ಈಗ 400ರ ಹತ್ರ ಫ್ರೇಮ್ ಇದೆ, ಹೆಚ್ಚು ಕಡಿಮೆ ಎಲ್ಲಾ ಅದೇ ಕಟ್ಟೆಯಿಂದ. ಅದರಲ್ಲಿ ಒಂದನ್ನೂ ಫ್ರೇಮ್ ಹಾಕಿ ಗೋಡೆಗೆ ತೂಗು ಹಾಕೋ ಹಂಗಿಲ್ಲ, ಅಷ್ಟು ಸಪ್ಪೆ.

ಆದ್ರೆ ಆ ಸಪ್ಪೆ ಫೋಟೋಗಳು ನನಗೆ ಎರಡು ಪಾಠ ಹೇಳಿದ್ವು. ಮೊದ್ಲನೇದು, ನಾನು ಊರೆಲ್ಲಾ ಹೇಳ್ಕೊಂಡು ತಿರುಗ್ತಿದ್ದೆ, ಬೂರಲ ಮರ ವರ್ಷದಿಂದ ವರ್ಷಕ್ಕೆ ಬೇಗ ಹೂ ಬಿಡ್ತಿದೆ, ಹವಾಮಾನ ಎಲ್ಲಾ ಕೆಟ್ಟೋಗಿದೆ ಅಂತ. ಒಂದಿನ ಎಲ್ಲಾ ಜನವರಿ ಫೋಟೋನೂ ಸಾಲಾಗಿ ಜೋಡಿಸಿ ನೋಡಿದ್ರೆ ಹಂಗೇನೂ ಇಲ್ಲ. ಒಂದು ವರ್ಷ ಬೇಗ, ಒಂದು ವರ್ಷ ಲೇಟು, ಒಂದು ವರ್ಷ ಅರ್ಧ ಮರ ಮಾತ್ರ. ಹವಾಮಾನ ಬದಲಾಗ್ತಿಲ್ಲ ಅಂತಲ್ಲ, ನನ್ನ ಒಂದು ಮರ ಅದನ್ನ ಹೇಳ್ತಿರಲಿಲ್ಲ ಅಷ್ಟೇ, ಹೇಳ್ತಿದ್ದಿದ್ದು ನನ್ನ ನೆನಪು. ನಾಚಿಕೆ ಆಯ್ತು. ಎರಡನೇದು ಇನ್ನೂ ಕೆಟ್ಟದ್ದು. ಮರದ ಹಿಂದೆ ಒಂದು ಗುಡ್ಡ ಕಾಣುತ್ತೆ. 2011ರಲ್ಲಿ ಅಲ್ಲಿ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರೋ ಕಾಡು) ಇತ್ತು, ಬೇರೆ ಬೇರೆ ಮರ, ಬೇರೆ ಬೇರೆ ಹಸಿರು. ಈಗಿನ ಫೋಟೋದಲ್ಲಿ ಅದರ ಅರ್ಧ ಭಾಗ ಒಂದೇ ಬಣ್ಣ, ಒಂದೇ ಎತ್ತರ, ಬರೀ ಅಡಿಕೆ. ದಿನಾ ಕಣ್ಣೆದುರಿಗೇ ಇತ್ತು, ಆದ್ರೆ ಯಾವತ್ತೂ ಒಂದೇ ದಿನದಲ್ಲಿ ಆಗಿದ್ದಲ್ಲವಲ್ಲ, ಹಂಗಾಗಿ ನಾನು ಕಂಡೇ ಇರಲಿಲ್ಲ. ನಾನು ಮರ ನೋಡ್ತಿದ್ದೆ, ಕ್ಯಾಮೆರಾ ಗುಡ್ಡಾನೂ ಸೇರ್ಸಿ ನೋಡ್ತಿತ್ತು.

ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಅನ್ನೋ ಬ್ರಿಟಿಷ್ ಸೈನ್ಯಾಧಿಕಾರಿ ಹಂಪಿಗೆ ಹೋಗಿ ಫೋಟೋ ತೆಗ್ದ. ಆಗ ಫಿಲ್ಮೂ ಇಲ್ಲ ಏನೂ ಇಲ್ಲ, ಮೇಣ ಹಚ್ಚಿದ ಕಾಗದವೇ ನೆಗೆಟಿವ್, ಅದೂ ದೊಡ್ಡ ದೊಡ್ಡ ಹಾಳೆ, ಎಕ್ಸ್‌ಪೋಶರ್ ಕೂಡ ಈಗಿನ ಹಂಗೆ ಕ್ಲಿಕ್ ಅಂದ್ರೆ ಮುಗಿಯೋದಲ್ಲ, ಬಹಳ ಹೊತ್ತು. ಆ ನೆಗೆಟಿವ್‌ಗಳು ನೂರಕ್ಕೂ ಹೆಚ್ಚು ವರ್ಷ ಆದ್ಮೇಲೆ ಬೆಳಕಿಗೆ ಬಂದ್ವು, 1983ರಲ್ಲಿ ಜಾನ್ ಗಾಲಿಂಗ್ಸ್ ಅನ್ನೋ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನ ಹುಡುಕಿ ಹುಡುಕಿ ಅಲ್ಲೇ ನಿಂತು ಮತ್ತೆ ತೆಗ್ದ. ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಗೊತ್ತಲ್ಲ, ಈಗ 50 ರೂಪಾಯಿ ನೋಟಿನ ಮೇಲೂ ಇದೆ. ಗ್ರೀನ್‌ಲಾ ಫೋಟೋದಲ್ಲಿ ಅದೇ ರಥದ ತಲೆ ಮೇಲೆ ಇಟ್ಟಿಗೆಯ ಗೋಪುರ ಇದೆ! ಆಮೇಲೆ ಅದು ಹೋಯ್ತು. ಈಗ ನೋಡೋರಿಗೆ ಗೋಪುರ ಇಲ್ಲ ಅನ್ನೋ ಕೊರತೆನೇ ಇಲ್ಲ, ರಥ ಅಂದ್ರೆ ಹಿಂಗೇ ಇರೋದು ಅಂದ್ಕೊಂಡಿದೀವಿ, ನೋಟಲ್ಲೂ ಹಂಗೇ ಪ್ರಿಂಟ್ ಮಾಡ್ಸಿದೀವಿ. ಮುಂದೆ ಗೋಪುರ ಹೋಗುತ್ತೆ ಅಂತ ಗ್ರೀನ್‌ಲಾಗೆ ಏನು ಕನಸು ಬಿದ್ದಿತ್ತಾ? ಇಲ್ಲ. ಎದುರಿಗೆ ಇದ್ದಿದ್ದನ್ನ ಪೂರ್ತಿ ಫ್ರೇಮಲ್ಲಿ ಬರೋ ಹಾಗೆ ತೆಗ್ದ ಅಷ್ಟೇ.

ಪ್ರಕೃತಿ ವಿಷ್ಯದಲ್ಲಿ ಈ ವಿದ್ಯೆ ಶುರು ಆಗಿದ್ದು ಹಿಮನದಿಗಳಿಂದ. 1880ರ ದಶಕದ ಕೊನೇಲಿ ಸೆಬಾಸ್ಟಿಯನ್ ಫಿನ್‌ಸ್ಟರ್‌ವಾಲ್ಡರ್ ಅನ್ನೋ ಜರ್ಮನ್ ಗಣಿತದ ಮೇಷ್ಟ್ರು ಆಲ್ಪ್ಸ್ ಬೆಟ್ಟದ ಹಿಮನದಿಗಳನ್ನ ಫೋಟೋ ತೆಗ್ದು ಅಳತೆ ಮಾಡೋಕೆ ಹೊರಟಿದ್ದ (ಮೇಷ್ಟ್ರುಗಳೇ ಮೇಡಂ ಎಲ್ಲಾದಕ್ಕೂ ಮೊದಲು). 2007ರಿಂದ ಈಚೆಗೆ ಜೇಮ್ಸ್ ಬಾಲೋಗ್ ಅನ್ನೋ ಅಮೆರಿಕದ ಫೋಟೋಗ್ರಾಫರ್ ಮತ್ತೆ ಅವನ ತಂಡದವರು ಗ್ರೀನ್‌ಲ್ಯಾಂಡು, ಐಸ್‌ಲ್ಯಾಂಡು, ಅಲಾಸ್ಕಾದ ಬಂಡೆಗಳಿಗೆ ಕ್ಯಾಮೆರಾ ಬೋಲ್ಟ್ ಹಾಕಿ ಕೂರಿಸಿ, ಬೆಳಕಿರೋವಾಗೆಲ್ಲ ಅರ್ಧ ಗಂಟೆಗೊಂದು ಫೋಟೋ ತಾನಾಗೇ ತೆಗಿಯೋ ಹಂಗೆ ಮಾಡಿದ್ರು, ಹಿಮನದಿ ಹಿಂದೆ ಹಿಂದೆ ಸರಿಯೋದನ್ನ ಜಗತ್ತಿಗೆಲ್ಲ ತೋರಿಸಿದ್ರು. ನಿಮಗೆ ಅಷ್ಟೆಲ್ಲ ಬೇಡ. ನೀವು ಕೆರೆ ಎದುರಿಗೇ ಇದೀರ, ನಡ್ಕೊಂಡು ಹೋಗಿ ಬರಬಹುದು, ಬಾಲೋಗ್‌ಗೆ ಆ ಭಾಗ್ಯ ಇರಲಿಲ್ಲ.

ಈಗ ಮಾಡೋದು ಹೆಂಗೆ ಅನ್ನೋದಕ್ಕೆ ಬರ್ತೀನಿ.

ಜಾಗ ಆರಿಸೋದೇ ಮುಕ್ಕಾಲು ಕೆಲಸ. ಒಂದು ವಾರ ಕ್ಯಾಮೆರಾ ಇಲ್ದೇ ಕೆರೆ ಸುತ್ತ ನಡೀರಿ. ಎರಡು ಜಾಗ ಸಾಕು, ಜಾಸ್ತಿ ಆಸೆ ಬೇಡ, ನಾನು ಶುರುವಲ್ಲಿ ಒಂಬತ್ತು ಜಾಗ ಇಟ್ಕೊಂಡು ಮೂರೇ ತಿಂಗಳಿಗೆ ಏಳನ್ನ ಕೈ ಬಿಟ್ಟೆ. ಒಂದು ಜಾಗದಿಂದ ಪೂರ್ತಿ ಕೆರೆ ಕಾಣ್ಬೇಕು, ಇನ್ನೊಂದರಿಂದ ಅತ್ತಿ ಮರ. ಕೆರೆ ಫ್ರೇಮ್ ಒಳಗೆ ತೂಬಿನ (ನೀರು ಬಿಡೋ ಕಿಂಡಿಯ) ಕಂಬ ಬರ್ಲೇಬೇಕು. ಯಾಕಂದ್ರೆ ನೀರು ಎಷ್ಟಿದೆ ಅಂತ ಹೇಳೋಕೆ ಅಳತೆಗೋಲು ಬೇಕಲ್ಲ, ತೂಬಿನ ಕಲ್ಲು ನಿಮಗೋಸ್ಕರ ಯಾರೋ ಹಿರಿಯರು ನೆಟ್ಟಿಟ್ಟ ಸ್ಕೇಲು. ನಿಮ್ಮ ಜಿಲ್ಲೆದೇ ಶೆಟ್ಟಿಹಳ್ಳಿ ಚರ್ಚ್ ನೋಡಿರ್ತೀರ, ಗೊರೂರು ಡ್ಯಾಮಿನ ಹಿನ್ನೀರಲ್ಲಿರೋದು. ಬೇಸಿಗೇಲಿ ಬುಡದವರೆಗೂ ಒಣಗಿ ನಿಂತಿರುತ್ತೆ, ಮಳೆಗಾಲದಲ್ಲಿ ಅರ್ಧ ಮುಳುಗುತ್ತೆ. ಅದರ ಫೋಟೋ ಯಾರು ಯಾವಾಗ ತೆಗೆದಿರ್ಲಿ, ನೀರು ಕಿಟಕಿಗೆ ಬಂದಿತ್ತಾ ಕಮಾನಿಗೆ ಬಂದಿತ್ತಾ ಅಂತ ಒಂದೇ ನೋಟಕ್ಕೆ ಹೇಳಬಹುದು. ಗೋಡೆ ಬೀಳ್ತಾ ಬರ್ತಿರೋದೂ ಅದೇ ಫೋಟೋಗಳಲ್ಲಿ ಕಾಣುತ್ತೆ. ಪೂರ್ತಿ ನೀರು ಮಾತ್ರ ತುಂಬಿರೋ ಫ್ರೇಮಲ್ಲಿ ಇದ್ಯಾವುದೂ ಗೊತ್ತಾಗಲ್ಲ, ಕನ್ನಡಿ ತರ ಚೆಂದ ಇರುತ್ತೆ ಅಷ್ಟೇ.

ನಿಲ್ಲೋ ಜಾಗಕ್ಕೆ ಮೊಬೈಲ್ ಜಿಪಿಎಸ್ ನಂಬ್ಬೇಡಿ, ನಾಲ್ಕೈದು ಮೀಟರ್ ಆಚೀಚೆ ಆಗುತ್ತೆ, ಮರದ ಕೆಳಗೆ ಇನ್ನೂ ಜಾಸ್ತಿ. ಅಲುಗಾಡದ ಕಲ್ಲು ಸಿಕ್ರೆ ಅದರ ಮೇಲೆ ಪೇಂಟಲ್ಲಿ ಟ್ರೈಪಾಡ್‌ನ ಮೂರು ಕಾಲಿಗೆ ಮೂರು ಚುಕ್ಕೆ ಇಡಿ. ಕಲ್ಲಿಲ್ಲ ಅಂದ್ರೆ ಒಂದು ಗೂಟ. ಆಮೇಲೆ ಕ್ಯಾಮೆರಾದಲ್ಲಿ ನೋಡೋವಾಗ ಹತ್ತಿರದ್ದೊಂದು ದೂರದ್ದೊಂದು ವಸ್ತು ಹಿಡ್ಕೊಳ್ಳಿ, ತೂಬಿನ ಕಂಬದ ತಲೆ ಹಿಂದಿನ ಗುಡ್ಡದ ಯಾವ ಕೊರಕಲಿಗೆ ಸರಿಯಾಗಿ ಕೂರುತ್ತೆ ಅಂತ. ನೀವು ಒಂದು ಹೆಜ್ಜೆ ಎಡಕ್ಕೆ ನಿಂತ್ರೂ ಕಂಬ ಬಲಕ್ಕೆ ಸರಿಯುತ್ತೆ, ಎತ್ತರ ಇಳಿಸಿದ್ರೆ ಕಂಬ ಮೇಲಕ್ಕೆ ಏರುತ್ತೆ. ಗಾಲಿಂಗ್ಸ್ ಅಂಥವರು ಹಳೇ ಫೋಟೋದ ಜಾಗ ಹುಡುಕೋದೂ ಇದೇ ಲೆಕ್ಕದಲ್ಲಿ. ಮೊದಲನೇ ಫೋಟೋದ ಒಂದು ಪೋಸ್ಟ್‌ಕಾರ್ಡ್ ಸೈಜ್ ಪ್ರಿಂಟ್ ಹಾಕಿಸಿ ಕ್ಯಾಮೆರಾ ಬ್ಯಾಗಲ್ಲೇ ಇಟ್ಕೊಳ್ಳಿ, ಪ್ರತಿ ಸಲ ಅದಕ್ಕೆ ಹೋಲಿಸಿ ತೆಗೀರಿ.

ಲೆನ್ಸನ್ನ 18ಕ್ಕೆ (ಅತಿ ಅಗಲವಾಗಿ ಕಾಣೋ ತುದಿಗೆ) ತಿರುಗಿಸಿ ಬಿಡಿ, 35 ಚೆಂದ ಕಾಣುತ್ತೆ ನಿಜ, ಆದ್ರೆ 35 ಅಂತ ನೀವು ಇಡೋದು ಒಂದಿನ 34, ಒಂದಿನ 37 ಆಗುತ್ತೆ, 18 ಅಂದ್ರೆ ಅಲ್ಲಿ ರಿಂಗ್ ತಾನಾಗೇ ನಿಂತ್ಕೊಳ್ಳುತ್ತೆ, ತಪ್ಪೋಕೇ ಸಾಧ್ಯ ಇಲ್ಲ. ಎಫ್8 (ಲೆನ್ಸ್ ಕಿಂಡಿಯ ಅಳತೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100 ಅಥ್ವಾ 200, ಟ್ರೈಪಾಡ್ ಇರೋದ್ರಿಂದ ಶಟರ್ ಎಷ್ಟಾದ್ರೂ ಪರವಾಗಿಲ್ಲ. ವೈಟ್ ಬ್ಯಾಲೆನ್ಸ್ ಆಟೋ ಬೇಡ, ಡೇಲೈಟ್‌ಗೆ ಇಟ್ಟು ಮರೆತುಬಿಡಿ. ಆಟೋಲಿ ಇಟ್ರೆ ಕ್ಯಾಮೆರಾ ತನ್ನ ಬುದ್ಧಿ ಓಡಿಸಿ ಒಣಹುಲ್ಲಿನ ಹಳದೀನೂ ಮಳೆಗಾಲದ ನೀಲಿ ಛಾಯೆನೂ ಅಷ್ಟಿಷ್ಟು ಸರಿ ಮಾಡಿಬಿಡುತ್ತೆ, ನಿಮಗೆ ಬೇಕಿರೋ ವ್ಯತ್ಯಾಸವೇ ಅದು. ರಾ ಫೈಲೂ (ಕ್ಯಾಮೆರಾ ತಿದ್ದದೇ ಇರೋ ಮೂಲ ಫೈಲು) ಸೇವ್ ಆಗ್ಲಿ.

ಎಷ್ಟು ದಿನಕ್ಕೊಂದು? ದಿನಾ ತೆಗೀಬೇಡಿ ಅಂತ ನನ್ನ ಸಲಹೆ. ದಿನಾ ಅಂದ್ರೆ ಒಂದು ವಾರ ಜ್ವರ ಬಂದು ತಪ್ಪಿದ್ರೆ ಮನಸ್ಸು ಮುರಿದು ಪೂರ್ತಿ ಬಿಟ್ಟೇಬಿಡ್ತೀವಿ. ತಿಂಗಳಿಗೊಂದು ಅಂದ್ರೆ ಅತ್ತಿ ಚಿಗುರೋದೇ ತಪ್ಪಿಹೋಗುತ್ತೆ. ನಾನು ಎರಡು ಮೂರು ವರ್ಷ ಮನಸ್ಸಿಗೆ ಬಂದಾಗ ತೆಗ್ದು, ಆಮೇಲೆ ನಮ್ಮಪ್ಪ ಇಟ್ಕೊಂಡಿದ್ದ ಲೆಕ್ಕಕ್ಕೇ ಬಂದೆ, ಮಳೆ ನಕ್ಷತ್ರ. ಗೋಡೆ ಕ್ಯಾಲೆಂಡರಲ್ಲಿ ಇದ್ದೇ ಇರುತ್ತೆ, 13-14 ದಿನಕ್ಕೊಂದು ನಕ್ಷತ್ರ ಬದಲಾಗುತ್ತೆ, ವರ್ಷಕ್ಕೆ 27. ನಕ್ಷತ್ರ ಬದಲಾದ ದಿನ ಅಥ್ವಾ ಅದರ ಮಾರನೇ ದಿನ ಹೋಗಿ ಜಾಗಕ್ಕೊಂದು ಫೋಟೋ, ಅಷ್ಟೇ. ಇದರಲ್ಲಿ ಒಂದು ಮಜಾ ಏನಂದ್ರೆ ನಮ್ಮ ಊರಿನೋರ ನೆನಪೆಲ್ಲ ಇದೇ ಲೆಕ್ಕದಲ್ಲಿ ಇದೆ. "ಆರಿದ್ರಾ ಮಳೆ ಆರದೆ ಹೊಯ್ಯುತ್ತೆ" ಅಂತಾರಲ್ಲ, ನಿಮ್ಮ ಆರಿದ್ರಾ ಫೋಟೋಗಳನ್ನ ಐದಾರು ವರ್ಷದ್ದು ಒಟ್ಟಿಗೆ ಇಟ್ರೆ ಹೊಯ್ದಿದ್ಯೋ ಇಲ್ವೋ ಅಂತ ತೂಬಿನ ಕಲ್ಲೇ ಹೇಳುತ್ತೆ. ಪಕ್ಕದ ಮನೆ ಅಜ್ಜನಿಗೆ ಜುಲೈ 6ರ ಫೋಟೋ ತೋರಿಸಿದ್ರೆ ಅವ್ರು ಸುಮ್ನೆ ನೋಡ್ತಾರೆ, ಪುನರ್ವಸು ಹುಟ್ಟಿದ ದಿನದ್ದು ಅಂದ್ರೆ ಮಾತಾಡೋಕೆ ಶುರು ಮಾಡ್ತಾರೆ. ಕಾಫಿ ಹೂವಿಗೆ ಮಾತ್ರ ಈ ಲೆಕ್ಕ ನಡೆಯಲ್ಲ, ಅದು ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಅರಳಿ ಎರಡು ಮೂರು ದಿನಕ್ಕೆ ಕಂದಿಹೋಗುತ್ತೆ, ಕೆರೆ ಆಚೆ ತೋಟ ಫ್ರೇಮಲ್ಲಿ ಇದ್ರೆ ಆಗ ಮಾತ್ರ ಒಂದು ಎಕ್ಸ್‌ಟ್ರಾ ತೆಗೀರಿ.

ದಿನದ ಯಾವ ಹೊತ್ತು ಅನ್ನೋದೂ ಫಿಕ್ಸ್ ಮಾಡ್ಕೊಳ್ಳಿ. ಬೆಳಿಗ್ಗೆ ಬೇಡ, ನಿಮ್ಮ ಕಡೆ ಮಂಜು ಯಾವತ್ತು ಎಷ್ಟು ಅಂತ ಹೇಳೋಕಾಗಲ್ಲ. ನಾನು ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ತೆಗೀತೀನಿ, ಫೋಟೋಗ್ರಾಫರ್‌ಗಳೆಲ್ಲ ಬೈಯ್ಯೋ ಹೊತ್ತು. ನೆರಳು ನೋಡಿದ್ರೆ ತಮಾಷೆ ಗೊತ್ತಾಗುತ್ತೆ. ನಿಮ್ಮೂರೂ ಬೆಂಗಳೂರೂ ಹೆಚ್ಚು ಕಡಿಮೆ ಒಂದೇ ಅಕ್ಷಾಂಶ, 13 ಡಿಗ್ರಿ. ಏಪ್ರಿಲ್ 24ರ ಹೊತ್ತಿಗೆ ಒಂದು ಸಲ, ಆಗಸ್ಟ್ 18ರ ಹೊತ್ತಿಗೆ ಇನ್ನೊಂದು ಸಲ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ಕಂಬದ ನೆರಳು ಕಂಬದ ಬುಡದಲ್ಲೇ ಬೀಳುತ್ತೆ. ಆ ಎರಡು ದಿನದ ಮಧ್ಯೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ, ಉಳಿದ ವರ್ಷವೆಲ್ಲ ಉತ್ತರಕ್ಕೆ. ಮಳೆಗಾಲದಲ್ಲಿ ಮೋಡ ಇರೋದ್ರಿಂದ ಪೂರ್ತಿ ಕಾಣ್ಸಲ್ಲ, ಆದ್ರೆ ಬೇಸಿಗೆ ಫ್ರೇಮಲ್ಲಿ ಕಂಡೇ ಕಾಣುತ್ತೆ, ಮಕ್ಕಳಿಗೆ ಪಾಠ ಮಾಡಿದೋರು ನೀವು, ನಿಮಗೆ ಇಷ್ಟ ಆಗುತ್ತೆ ಅಂತ ಹೇಳಿದೆ.

ಅಂದಂಗೆ ನಿಮ್ಮ ಸೂರ್ಯೋದಯದ ಫೋಟೋ ಡಿಲೀಟ್ ಮಾಡ್ಬೇಡಿ. 11 ಸಾವಿರದಲ್ಲಿ ಮನೆ ಟೆರೇಸಿಂದ ತೆಗ್ದಿದ್ದು ಒಂದಿಷ್ಟು ಇರ್ಬೇಕು, ಅದನ್ನ ಮಾತ್ರ ಬೇರೆ ತೆಗ್ದು ತಾರೀಖಿನ ಪ್ರಕಾರ ಇಡಿ. ಡಿಸೆಂಬರ್ ಕೊನೆಗೆ ಸೂರ್ಯ ಪೂರ್ವದಿಂದ ದಕ್ಷಿಣದ ಕಡೆಗೆ ಸುಮಾರು 24 ಡಿಗ್ರಿ ಸರಿದು ಹುಟ್ತಾನೆ, ಜೂನ್ ಕೊನೆಗೆ ಅಷ್ಟೇ ಉತ್ತರಕ್ಕೆ. ಅಂದ್ರೆ ಎದುರಿನ ಗುಡ್ಡದ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಒಟ್ಟು 48 ಡಿಗ್ರಿ ನಡ್ಕೊಂಡು ಹೋಗಿ ವಾಪಸ್ ಬರ್ತಾನೆ. ಉತ್ತರಾಯಣ ದಕ್ಷಿಣಾಯನ ಅಂತ ಬೋರ್ಡ್ ಮೇಲೆ ಬರೆದು ಬರೆದು ಹೇಳಿರ್ತೀರ, ನಿಮ್ಮ ಹಾರ್ಡ್‌ಡಿಸ್ಕಲ್ಲೇ ಅದು ಇದೆ.

ಇನ್ನು ಸಾಕ್ಷಿ ಅಂದ್ರಲ್ಲ. ಆ ಪದ ನೀವು ಬಳಸಿದ್ದು ನನಗೆ ಇಷ್ಟ ಆಯ್ತು, ಅದಕ್ಕೇ ಸ್ವಲ್ಪ ಕಟುವಾಗಿ ಹೇಳ್ತೀನಿ. ನೀವು ಕಳಿಸಿದ ಅತ್ತಿ ಮರದ ಎರಡು ಫೋಟೋದಲ್ಲಿ ಕರೆಂಟ್ ಕಂಬ ಇಲ್ಲ. ಮೂರನೇದ್ರಲ್ಲಿ ಇದೆ. ಆ್ಯಪಲ್ಲಿ ಅಳಿಸಿದೀರ ಅಲ್ವಾ? ಗೋಡೆಗೆ ಹಾಕೋ ಫೋಟೋ ಆದ್ರೆ ಅಳಿಸಿ, ತೊಂದ್ರೆ ಇಲ್ಲ. ಈ ಸರಣಿಗೆ ಮಾತ್ರ ಬೇಡ. ಕಂಬ ಯಾವಾಗ ಬಂತು, ಟ್ರಾನ್ಸ್‌ಫಾರ್ಮರ್ ಯಾವಾಗ ಬಂತು, ಲೈನ್‌ಮನ್ ಯಾವ ಕೊಂಬೆ ಕಡಿದ ಅನ್ನೋದೂ ಆ ಮರದ ಕತೆನೇ. ಪ್ಲಾಸ್ಟಿಕ್ ತೇಲ್ತಿದ್ರೆ ತೇಲ್ತಾ ಇರ್ಲಿ. ಫೋಟೋ ತೆಗೆದಾದ್ಮೇಲೆ ಬೇಕಾದ್ರೆ ಎತ್ತಿ ಹಾಕಿ. ಮೊಬೈಲಲ್ಲಿ ತೆಗೆದ್ರೆ ಆ 'ಸೀನ್ ಆಪ್ಟಿಮೈಸರ್', ಎಐ, ಬ್ಯೂಟಿ ಅದೂ ಇದೂ ಎಲ್ಲಾ ಆಫ್ ಮಾಡಿ, ಇಲ್ಲಾಂದ್ರೆ ಆಶ್ಲೇಷದ ಬೂದಿ ಬಣ್ಣದ ಆಕಾಶಾನ ಅದು ನೀಲಿ ಮಾಡಿಡುತ್ತೆ.

ನಾನೂ ಈ ತಪ್ಪು ಮಾಡಿದೀನಿ, ಬೇರೆ ತರ. ನಾಲ್ಕನೇ ವರ್ಷ ಬಾವಿಕಟ್ಟೆ ಎದುರಿಗೆ ಒಂದು ಲಂಟಾನ ಪೊದೆ ಎದ್ದು ಮರದ ಬುಡಕ್ಕೆ ಅಡ್ಡ ಬರೋಕೆ ಶುರು ಆಯ್ತು. ಚೆನ್ನಾಗಿ ಕಾಣಲ್ಲ ಅಂತ ಎರಡು ಹೆಜ್ಜೆ ಬಲಕ್ಕೆ ಸರಿದು ತೆಗೀತಾ ಹೋದೆ, ಒಂದು ಒಂದೂವರೆ ವರ್ಷ. ಆಮೇಲೆ ಯೋಚ್ನೆ ಬಂತು, ಲಂಟಾನ ಆ ಗದ್ದೆ ಬದುವನ್ನ ಹೆಂಗೆ ನುಂಗ್ತು ಅನ್ನೋದೇ ನೋಡ್ಬೇಕಾದ ವಿಷ್ಯ ಆಗಿತ್ತು, ನಾನು ಅದನ್ನೇ ಫ್ರೇಮಿಂದ ಆಚೆ ಇಟ್ಟೆ. ಮತ್ತೆ ಹಳೇ ಜಾಗಕ್ಕೆ ಬಂದೆ, ಆದ್ರೆ ಆ ಒಂದೂವರೆ ವರ್ಷ ಹೋಯ್ತು. ಇನ್ನೊಂದು ಪೆದ್ದತನ, ಬ್ಯಾಟರಿ ಪೂರ್ತಿ ಖಾಲಿಯಾಗಿ ಕ್ಯಾಮೆರಾ ಗಡಿಯಾರ ರಿಸೆಟ್ ಆಗಿದ್ದು ಗೊತ್ತೇ ಆಗ್ಲಿಲ್ಲ, ಎಂಟು ತಿಂಗಳ ಫೋಟೋಗೆಲ್ಲ ತಪ್ಪು ತಾರೀಖು. ಹೂವು ಎಲೆ ನೋಡ್ಕೊಂಡು ಅಂದಾಜಲ್ಲಿ ಸರಿ ಮಾಡ್ಬೇಕಾಯ್ತು, ಅಂದಾಜು ಬಂತು ಅಂದ್ಮೇಲೆ ಸಾಕ್ಷಿ ಎಲ್ಲಿ ಉಳೀತು. ಅವತ್ತಿಂದ ಪ್ರತಿ ಸಲ ಮೊದಲನೇ ಕ್ಲಿಕ್ ಅವತ್ತಿನ ಪೇಪರ್‌ನ ಮುಖಪುಟದ್ದು, ಎರಡನೇದು ಮರದ್ದು.

ಜೊತೆಗೆ ಒಂದು ನೋಟ್‌ಬುಕ್. ಫೋಟೋಗೆ ವಾಸನೆ ಇಲ್ಲ, ಸದ್ದಿಲ್ಲ, ಫ್ರೇಮ್ ಆಚೆ ಏನಾಯ್ತು ಅಂತ ಗೊತ್ತಿಲ್ಲ. ಎರಡೇ ಸಾಲು ಬರೀರಿ, ಕೋಡಿ ಬಿತ್ತು, ಅತ್ತಿ ಕಾಂಡದ ತುಂಬ ಕಾಯಿ, ಮಂಗಟ್ಟೆ ಎರಡು ಬಂದಿದ್ವು, ಜೆಸಿಬಿ ಸದ್ದು. ಅತ್ತಿ ವರ್ಷಕ್ಕೆ ಒಂದೇ ಸಲ ಹಣ್ಣು ಬಿಟ್ಟು ಸುಮ್ಮನಾಗೋ ಮರ ಅಲ್ಲ, ಎಷ್ಟು ಸಲ ಬಿಡ್ತು, ಯಾವಾಗ ಬಿಡ್ತು ಅಂತ ಬರೆದಿಡೋಕೆ ಬಹಳ ಚೆಂದದ ಮರ. ನನ್ನ ಬೂರಲ ಮರದಲ್ಲಿ ನಾನು ಹೆಜ್ಜೇನು ಗೂಡು ಎಣಿಸ್ತೀನಿ, ಮಳೆ ಹೋದ್ಮೇಲೆ ಬಂದು ಮುಂದಿನ ಮಳೆಗೆ ಮುಂಚೆ ಹೋಗ್ತವೆ, ಅದೇ ಕೊಂಬೆಗೆ ಬರ್ತವೆ. ಊರಿನ ಶಾಲೆ ಮಕ್ಕಳನ್ನ ಸೇರಿಸ್ಕೊಳ್ಳೋ ಮನಸ್ಸಿದ್ರೆ ಸೀಸನ್‌ವಾಚ್ ಅಂತ ಒಂದು ಕಾರ್ಯಕ್ರಮ ಇದೆ, ಒಂದೊಂದು ಮರ ಆರಿಸ್ಕೊಂಡು ವಾರಕ್ಕೊಂದು ಸಲ ಚಿಗುರು, ಹೂವು, ಕಾಯಿ ನೋಡಿ ದಾಖಲು ಮಾಡೋದು, ದೇಶದ ಬೇರೆ ಬೇರೆ ಕಡೆಯ ಮಕ್ಕಳು ಮಾಡ್ತಿದಾರೆ. ನಿಮ್ಮ ನೋಟ್‌ಬುಕ್ಕೂ ಅದಕ್ಕೆ ಹೊಂದುತ್ತೆ.

ಫೈಲ್ ಹೆಸರು ವರ್ಷ-ತಿಂಗಳು-ದಿನ ಅಂತ ಶುರು ಮಾಡಿ, ತಾನಾಗೇ ಸಾಲಾಗಿ ಕೂರುತ್ತೆ. ಎರಡು ಹಾರ್ಡ್‌ಡಿಸ್ಕ್, ಒಂದು ನಿಮ್ಮನೇಲಿ, ಒಂದು ಮಗನ ಮನೇಲಿ. ವಾಟ್ಸಾಪಲ್ಲಿ ಕಳಿಸಿದ ಕಾಪಿನ ಕಾಪಿ ಅಂದ್ಕೋಬೇಡಿ, ಅದು ಸೈಜೂ ಕುಗ್ಗಿಸುತ್ತೆ, ಒಳಗಿನ ತಾರೀಖಿನ ಮಾಹಿತಿನೂ ಕಿತ್ತು ಹಾಕುತ್ತೆ. ವರ್ಷದ ಕೊನೆಗೆ ಒಂದೊಂದು ಜಾಗದ 27 ಫೋಟೋನ ಒಂದೇ ಹಾಳೇಲಿ ಸಣ್ಣ ಸಣ್ಣದಾಗಿ ಪ್ರಿಂಟ್ ಹಾಕ್ಸಿ. ಸಕಲೇಶಪುರದ ಮಳೆಗೆ ಲೆನ್ಸ್ ಒಳಗೆ ಫಂಗಸ್ ಬರ್ದೇ ಇರಲ್ಲ, ಗಾಳಿ ಆಡದ ಡಬ್ಬಿಲಿ ಸಿಲಿಕಾ ಜೆಲ್ ಹಾಕಿಡಿ, ಅದು ಬಣ್ಣ ಬದಲಾಯಿಸಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಅಕ್ಕಿ ಡಬ್ಬದಲ್ಲಿ ಇಡಿ ಅಂತ ಯಾರೋ ಹೇಳ್ತಾರೆ, ಇಡ್ಬೇಡಿ, ಹುಡಿ ಒಳಗೆ ಹೋಗುತ್ತೆ.

ಕೊನೆಗೆ ಅತ್ತಿ ಮರ. ಇದಕ್ಕೆ ಕಾಯ್ಬೇಡಿ, ಈ ವಾರವೇ ಹೋಗಿ. ನಾಲ್ಕು ದಿಕ್ಕಿಂದ ನಾಲ್ಕು ಫೋಟೋ, ರಸ್ತೆ ಅಂಚಿಂದ ಮರ ಎಷ್ಟು ದೂರ ಅಂತ ಕಾಣೋ ಹಂಗೆ ಒಂದು, ಎದೆ ಮಟ್ಟದಲ್ಲಿ (ಸುಮಾರು ನಾಲ್ಕೂವರೆ ಅಡಿ) ಕಾಂಡಕ್ಕೆ ಟೇಪ್ ಸುತ್ತಿ ಅಳತೆ ಓದೋಕೆ ಬರೋ ಹಂಗೆ ಒಂದು. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಅದರ ಪ್ರಕಾರ ಟ್ರೀ ಆಫೀಸರ್ ಅಂತ ಇರ್ತಾರೆ, ಅರಣ್ಯ ಇಲಾಖೆ ಆಫೀಸಲ್ಲಿ ವಿಚಾರಿಸಿ ಅವ್ರಿಗೆ ಲಿಖಿತವಾಗಿ ಆಕ್ಷೇಪಣೆ ಕೊಡಿ. ಆಗ ಸುಂದರ ಫೋಟೋಗಿಂತ ತಾರೀಖು, ಅಳತೆ ಇರೋ ಸಪ್ಪೆ ಫೋಟೋ ಕೆಲಸಕ್ಕೆ ಬರುತ್ತೆ. ಇದರಿಂದ ಮರ ಉಳಿಯುತ್ತೆ ಅಂತ ನಾನು ಭರವಸೆ ಕೊಡಲ್ಲ. ರಸ್ತೆ ಅಲೈನ್‌ಮೆಂಟ್ ಎರಡು ಅಡಿ ಸರಿದು ಮರ ಉಳಿದಿದ್ದೂ ನೋಡಿದೀನಿ, ಅರ್ಜಿ ಫೈಲಲ್ಲಿ ಇರೋವಾಗಲೇ ರಾತ್ರೋರಾತ್ರಿ ಮರ ಮಲಗಿದ್ದೂ ನೋಡಿದೀನಿ.

ಅಳತೆ ಫೋಟೋ ತೆಗಿಯೋವಾಗ ನೀವೇ ಮರದ ಪಕ್ಕ ನಿಂತ್ಕೊಳ್ಳಿ, ಕ್ಯಾಮೆರಾ ಬೇರೆ ಯಾರಾದ್ರೂ ಒತ್ಲಿ. ವರ್ಷಕ್ಕೊಂದು ಸಲ, ಅದೇ ಜಾಗದಲ್ಲಿ. ಅಮೆರಿಕದಲ್ಲಿ ನಿಕೊಲಸ್ ನಿಕ್ಸನ್ ಅನ್ನೋರು 1975ರಿಂದ 40ಕ್ಕೂ ಹೆಚ್ಚು ವರ್ಷ ತಮ್ಮ ಹೆಂಡ್ತಿ ಮತ್ತೆ ಅವರ ಮೂರು ಜನ ಅಕ್ಕತಂಗಿಯರನ್ನ ವರ್ಷಕ್ಕೊಂದು ಫೋಟೋ ತೆಗೆದ್ರು, ನಾಲ್ಕೂ ಜನ ಎಡದಿಂದ ಬಲಕ್ಕೆ ಯಾವಾಗ್ಲೂ ಅದೇ ಕ್ರಮದಲ್ಲಿ. ಕ್ರಮ ಒಂದು ಬಿಟ್ಟು ಬೇರೆ ಎಲ್ಲಾ ಬದಲಾಗ್ತಾ ಹೋಗುತ್ತೆ ಅದರಲ್ಲಿ. ನೀವು ಕ್ಯಾಮೆರಾ ಹಿಂದೆನೇ ಇದ್ಬಿಟ್ರೆ ಮರಕ್ಕೆ ಮಾತ್ರ ವಯಸ್ಸಾಗುತ್ತೆ.

ಮತ್ತೆ ಮರ ಹೋದ್ರೆ, ದಯವಿಟ್ಟು ಆ ಫ್ರೇಮ್ ನಿಲ್ಲಿಸ್ಬೇಡಿ. ಕಡಿಯೋ ದಿನ ನೋಡೋಕೆ ಆಗಲ್ಲ ಅಂದ್ರೆ ಹೋಗ್ಬೇಡಿ, ಆದ್ರೆ ಮುಂದಿನ ನಕ್ಷತ್ರಕ್ಕೆ ಅದೇ ಚುಕ್ಕೆ ಮೇಲೆ ಟ್ರೈಪಾಡ್ ಇಟ್ಟು ಅದೇ ದಿಕ್ಕಿಗೆ ಒಂದು ತೆಗೀರಿ, ಖಾಲಿ ಆಕಾಶ ಬಂದ್ರೂ ಬರ್ಲಿ. ಮರ ಇದ್ದಾಗಿನ ಫೋಟೋಗಳ ಅರ್ಧ ಬೆಲೆ ಆ ಖಾಲಿ ಫೋಟೋಗಳಿಂದ ಬರುತ್ತೆ. ಅತ್ತಿ ಬುಡದಿಂದ ಚಿಗುರೋ ಜಾತಿ, ಬೇರು ಕೀಳ್ದೇ ಬಿಟ್ರೆ ಎರಡು ಮೂರು ಮಳೆಗೆ ಏನಾದ್ರೂ ಕಂಡ್ರೂ ಕಾಣಬಹುದು.

ಮೃಗಶಿರ ಜೂನ್ 8ರ ಆಸುಪಾಸಲ್ಲಿ ಹುಟ್ಟುತ್ತೆ. ಅಷ್ಟರೊಳಗೆ ಕಲ್ಲಿಗೆ ಆಯಿಲ್ ಪೇಂಟಲ್ಲಿ ಚುಕ್ಕೆ ಹಾಕಿ ಮುಗ್ಸಿ, ಮಳೆ ಹಿಡ್ಕೊಂಡ್ರೆ ನಿಮ್ಮ ಕಡೆ ಪೇಂಟ್ ಒಣಗಲ್ಲ.